ಎಪಿಎಲ್ ಕಾರ್ಡ್ ಇದ್ದವರಿಗೆ ಉದ್ಯೋಗ ಖಾತ್ರಿ ಕೆಲಸ ಇಲ್ಲವೇ? ಉತ್ತರ ಕನ್ನಡದವರು ಗೊತ್ತಿದ್ದದ್ದು ಹೇಳಿ

ಅಘನಾಶಿನಿ ದಡ (ಕುಮಟಾ)
ಮೇ 9, 2025

ನಮ್ಮದು ಕುಮಟಾ ತಾಲೂಕಿನ ಹೊಳೆಯಂಚಿನ ಊರು. ಅಕ್ಕನ ಗಂಡ ತೀರಿಕೊಂಡ ಮೇಲೆ ಅವಳು ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ಚಿಪ್ಪುಮೀನು) ಆರಿಸುತ್ತಾಳೆ, ಉಳಿದ ದಿನ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ. ಜೂನ್ 1ಕ್ಕೆ ಬೋಟು ಬಂದ್ ಆದರೆ ಜುಲೈ 31ರ ತನಕ ಬಂದರಿನ ಕೂಲಿ ಇಲ್ಲ. ಹೊಳೆಯಲ್ಲಿ ಕೆಂಪು ನೀರು ಬಂದ ಮೇಲೆ ಬಳಚಿನ ಆಸೆಯೂ ಇಲ್ಲ.

ಅದಕ್ಕೇ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾಡಿಸೋಣ ಅಂತ ಪಂಚಾಯ್ತಿಗೆ ಹೋದೆವು. ಅಲ್ಲಿ ಹೇಳಿದ್ದು ಮೂರು ಮಾತು. ನಿಮ್ಮ ಮನೆಯದು ಎಪಿಎಲ್ ಕಾರ್ಡ್, ಇದು ಬಡವರ ಯೋಜನೆ. ಅಣ್ಣ ಗೋವಾದಲ್ಲಿ ಸಂಬಳಕ್ಕಿದ್ದಾನೆ. ಅಕ್ಕನ ಆಧಾರ್‌ನಲ್ಲಿ ಇನ್ನೂ ಗಂಡನ ಮನೆಯ ಹೊನ್ನಾವರದ ವಿಳಾಸ ಇದೆ. ಅರ್ಜಿ ಕೈಗೇ ವಾಪಸ್ ಕೊಟ್ಟರು. ಅಣ್ಣನ ಸಂಬಳ ಅವನ ಹೆಂಡತಿ ಮಕ್ಕಳಿಗೇ ಸಾಲುವುದಿಲ್ಲ. ಇದಕ್ಕೆ ನಿಜವಾಗಿ ಆದಾಯದ ಮಿತಿ ಇದೆಯಾ? ಎಷ್ಟು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸೊಪ್ಪಿನಬೆಟ್ಟ (ಶಿರಸಿ)
ಮೇ 9

ಆದಾಯದ ಮಿತಿ ಇಲ್ಲ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಆ ಮಾತೇ ಬರುವುದಿಲ್ಲ. ಗ್ರಾಮೀಣ ಪ್ರದೇಶದಲ್ಲಿ ವಾಸ ಇರಬೇಕು, 18 ತುಂಬಿರಬೇಕು, ಕೌಶಲ ಬೇಡದ ಮೈಕೆಲಸಕ್ಕೆ ತಾನಾಗಿ ಒಪ್ಪಿ ಬರಬೇಕು. ಇಷ್ಟಿದ್ದರೆ ಆ ಕುಟುಂಬಕ್ಕೆ ಆರ್ಥಿಕ ವರ್ಷಕ್ಕೆ 100 ದಿನದ ಕೆಲಸದ ಹಕ್ಕು. ರೇಷನ್ ಕಾರ್ಡ್‌ನ ಬಣ್ಣ ಯಾವುದು, ಮನೆಗೆ ಹಂಚೋ ತಾರಸಿಯೋ, ಅಣ್ಣ ಗೋವಾದಲ್ಲಿದ್ದಾನೋ ದುಬೈನಲ್ಲಿದ್ದಾನೋ, ಯಾವುದನ್ನೂ ಕಾಯ್ದೆ ಕೇಳುವುದಿಲ್ಲ.

ಹಾಗಾದರೆ 'ಬಿಪಿಎಲ್' ಎಂಬ ಮಾತು ಎಲ್ಲಿಂದ ಬಂತು? ನನಗೆ ಕಾಣುವ ಕಾರಣ ಇದು. ಖಾತ್ರಿಯಲ್ಲಿ ಎರಡು ಬಗೆ. ಒಂದು ಕೂಲಿ ಕೆಲಸ: ಕೆರೆ ಹೂಳು, ರಸ್ತೆ ಬದಿ ಗಿಡ, ಕಾಲುವೆ. ಇನ್ನೊಂದು ವೈಯಕ್ತಿಕ ಕಾಮಗಾರಿ: ನಿಮ್ಮದೇ ಜಾಗದಲ್ಲಿ ಬಾವಿ, ದನದ ಕೊಟ್ಟಿಗೆ, ತೋಟದ ಬಸಿಗಾಲುವೆ. ಈ ಎರಡನೆಯದಕ್ಕೆ ಮಾತ್ರ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲೆಮಾರಿಗಳು, ಬಿಪಿಎಲ್ ಕುಟುಂಬಗಳು, ಮಹಿಳೆಯೇ ಯಜಮಾನಿಯಾದ ಮನೆ, ಅಂಗವಿಕಲರು ಯಜಮಾನರಾದ ಮನೆ, ಭೂಸುಧಾರಣೆಯಲ್ಲಿ ಜಮೀನು ಸಿಕ್ಕವರು, ಸರ್ಕಾರಿ ವಸತಿ ಯೋಜನೆಯವರು, ಅರಣ್ಯ ಹಕ್ಕು ಪತ್ರ ಪಡೆದವರು, ಇವರೆಲ್ಲ ಮುಗಿದ ಮೇಲೆ ಸಣ್ಣ ಮತ್ತು ಅತಿ ಸಣ್ಣ ರೈತರು. ಈ ಪಟ್ಟಿಯ ಬಿಪಿಎಲ್ಲನ್ನು ತಂದು ಜಾಬ್ ಕಾರ್ಡಿಗೆ ಅಂಟಿಸುತ್ತಾರೆ. ಹಾಗೆ ಅಂಟಿಸಲು ಯಾರಿಗೂ ಅಧಿಕಾರವಿಲ್ಲ.

ಆಧಾರ್ ವಿಳಾಸವೂ ನೆಪ. ವಾಸ ಎಲ್ಲಿ ಎಂಬುದನ್ನು ಪಂಚಾಯ್ತಿಯೇ ವಿಚಾರಿಸಿ ಖಚಿತಪಡಿಸಬೇಕು, ಅದು ಅವರ ಕೆಲಸ. ಒಂದನ್ನು ಮಾತ್ರ ನೋಡಿಕೊಳ್ಳಿ. ಗಂಡನ ಮನೆಯ ಜಾಬ್ ಕಾರ್ಡಿನಲ್ಲಿ ಅಕ್ಕನ ಹೆಸರಿದ್ದರೆ ಮೊದಲು ಅಲ್ಲಿಂದ ತೆಗೆಸಬೇಕು. ಒಂದು ಆಧಾರ್ ಎರಡು ಕಡೆ ಕೂರುವುದಿಲ್ಲ.

ಕಾಳಿ ಸಂಗಮ (ಕಾರವಾರ)
ಮೇ 9

ಜನ ಗಲಿಬಿಲಿ ಆಗುವುದಕ್ಕೆ ಇನ್ನೊಂದು ಕಾರಣ ಇದೆ. ಬೇರೆ ಯೋಜನೆಗಳಲ್ಲಿ ಆದಾಯದ ಮಿತಿ ನಿಜವಾಗಿಯೂ ಇದೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಸಾಲ ಯೋಜನೆ ತೆಗೆದುಕೊಳ್ಳಿ. ವಯಸ್ಸು 18ರಿಂದ 55, ಕುಟುಂಬದ ವಾರ್ಷಿಕ ಆದಾಯ ಪರಿಶಿಷ್ಟರಿಗೆ 2 ಲಕ್ಷ, ಉಳಿದವರಿಗೆ 1.5 ಲಕ್ಷ ದಾಟಬಾರದು. ಬಿಪಿಎಲ್ ರೇಷನ್ ಕಾರ್ಡಿಗೆ ನಮ್ಮ ರಾಜ್ಯದಲ್ಲಿ 1.2 ಲಕ್ಷದ ಗೆರೆ. ಆದರೆ ಸ್ವಂತ ಉದ್ಯಮಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಗೆ ಆದಾಯದ ಮಿತಿಯೇ ಇಲ್ಲ. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಗೆ ಶೇ 35 ಸಹಾಯಧನ, ಸ್ವಂತ ಪಾಲು ಶೇ 5 ಸಾಕು. ಆ ಸಹಾಯಧನ ಕೂಡಲೇ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಕೂತಿರುತ್ತದೆ. ಒಂದು ಕುಟುಂಬಕ್ಕೆ ಒಬ್ಬರಿಗೇ. ಮೊದಲೇ ನಡೆಯುತ್ತಿರುವ ಅಂಗಡಿಗೆ ಸಿಗುವುದಿಲ್ಲ.

ಒಂದೊಂದು ಬಾಗಿಲಿಗೆ ಒಂದೊಂದು ಕೀಲಿಕೈ ಇದ್ದ ಹಾಗೆ. 'ಬಡವರ ಯೋಜನೆ' ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದರಿಂದ ಅಕ್ಕನಂಥವರು ಹೊರಗೆ ನಿಲ್ಲಬೇಕಾಗಿದೆ.

ತೋಟದ ಅಂಚು (ಸಿದ್ದಾಪುರ)
ಮೇ 10

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಆದಾಯದ ಮಿತಿ ಇರಬೇಕಿತ್ತು. ನಮ್ಮ ಕಡೆ ಕೈಲಾಗುವವರೂ ಕಾರ್ಡ್ ಮಾಡಿಸಿದ್ದಾರೆ. ಹಾರೆ ಮುಟ್ಟದವರ ಹೆಸರಿನಲ್ಲಿ ಹಾಜರಿ ಬೀಳುತ್ತದೆ, ದುಡ್ಡು ಬಂದ ಮೇಲೆ ಹಂಚಿಕೊಳ್ಳುತ್ತಾರೆ. ಅತ್ತ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ, ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯುವಾಗ ತೋಟಕ್ಕೆ ಆಳು ಸಿಗುವುದಿಲ್ಲ. ಎರಡು ಎಕರೆ ತೋಟದವನು ಎಲ್ಲಿಗೆ ಹೋಗಬೇಕು?

ಸೊಪ್ಪಿನಬೆಟ್ಟ (ಶಿರಸಿ)
ಮೇ 10

ನಿಮ್ಮ ಕಷ್ಟ ನಿಜ. ನಾನೂ ತೋಟದವನೇ. ಆದರೆ ಆದಾಯದ ಮಿತಿ ಹಾಕಿದರೆ ಸುಳ್ಳು ಹಾಜರಿ ನಿಲ್ಲುತ್ತದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸುಳ್ಳು ಹಾಜರಿ ಹಾಕುವವನಿಗೆ ಆದಾಯ ಪ್ರಮಾಣಪತ್ರ ತರುವುದು ಕಷ್ಟವಲ್ಲ. ಕಷ್ಟವಾಗುವುದು ಅಕ್ಕನಿಗೆ, ಕೆಲಸ ಬಿಟ್ಟು ನಾಡಕಚೇರಿಗೆ ಅಲೆಯಬೇಕಾದವಳಿಗೆ. ಬಿಸಿಲಲ್ಲಿ ನಿಂತು ಮಣ್ಣು ಹೊರುವ ಕೆಲಸವೇ ಇಲ್ಲಿ ಅರ್ಹತೆಯ ಪರೀಕ್ಷೆ. ಅಗತ್ಯವಿಲ್ಲದವರು ದಿನಕ್ಕೆ 370 ರೂಪಾಯಿ ಕೂಲಿಗಾಗಿ (2025-26ರ ದರ) ಚಿರೆಕಲ್ಲು ಗುಡ್ಡ ಅಗೆಯಲು ಬರುವುದಿಲ್ಲ ಎಂಬ ನಂಬಿಕೆಯ ಮೇಲೇ ಈ ಕಾಯ್ದೆ ನಿಂತಿದೆ. ಬಾರದವರ ಹೆಸರು ಬಿದ್ದಿದ್ದರೆ ಅದು ಹಾಜರಿ ಪಟ್ಟಿಯ ಕಳ್ಳತನ. ಅದನ್ನು ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಹೆಸರು ಹಿಡಿದು ಕೇಳಬೇಕು. ವರ್ಷಕ್ಕೆ ಎರಡು ಸಲ ಆ ಸಭೆ ನಡೆಸಬೇಕೆಂಬ ನಿಯಮವಿದೆ, ನಮ್ಮಂಥವರು ಹೋಗಿ ಕೂರುವುದಿಲ್ಲ.

ಇನ್ನು ನಿಮ್ಮ ವಿಷಯ. ಎರಡು ಎಕರೆ ಅಂದರೆ ನೀವು ಅತಿ ಸಣ್ಣ ರೈತರು, ಒಂದು ಹೆಕ್ಟೇರಿನ ಒಳಗೆ. ಜಾಬ್ ಕಾರ್ಡ್ ಮಾಡಿಸಿಕೊಂಡು ನಿಮ್ಮ ಮನೆಯಿಂದ ಒಬ್ಬರಾದರೂ ಆ ಕಾಮಗಾರಿಯಲ್ಲಿ ದುಡಿದರೆ ನಿಮ್ಮ ತೋಟದ ಬಸಿಗಾಲುವೆಗೇ ಅರ್ಜಿ ಕೊಡಬಹುದು. ಪಹಣಿ ಜಂಟಿಯಾಗಿದ್ದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಮೊದಲೇ ಇಟ್ಟುಕೊಳ್ಳಿ. ನಮ್ಮ ಕಡೆ ಹೆಚ್ಚಿನ ಅರ್ಜಿ ನಿಲ್ಲುವುದು ಅಲ್ಲೇ.

ಮಲ್ಲಿಗೆ ಚಪ್ಪರ (ಹೊನ್ನಾವರ)
ಮೇ 10

ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಅಕ್ಕನಿಗೆ ಬೇರೆ ಜಾಬ್ ಕಾರ್ಡ್ ಸಿಗುತ್ತದಾ, ಅಥವಾ ತವರಿನ ಕಾರ್ಡಿಗೇ ಹೆಸರು ಸೇರಿಸಬೇಕಾ? ಇದರಲ್ಲಿ ಬಹಳ ವ್ಯತ್ಯಾಸ ಇದೆ. 100 ದಿನ ಅನ್ನುವುದು ತಲೆಗಲ್ಲ, ಕುಟುಂಬಕ್ಕೆ. ಅಪ್ಪ, ಅಮ್ಮ, ಅತ್ತಿಗೆ, ಅಕ್ಕ ಎಲ್ಲ ಒಂದೇ ಕಾರ್ಡಿನಲ್ಲಿದ್ದರೆ ಆ ನೂರನ್ನೇ ಹಂಚಿಕೊಳ್ಳಬೇಕು. ವಿಧವೆಗೆ ಬೇರೆ ಕಾರ್ಡ್ ಕೊಡಲೇಬೇಕು ಎಂದು ನನ್ನ ತಿಳುವಳಿಕೆ.

ಕಾಳಿ ಸಂಗಮ (ಕಾರವಾರ)
ಮೇ 10

ಅಷ್ಟು ಸಲೀಸಲ್ಲ. ಕಾಯ್ದೆಯಲ್ಲಿ ಕುಟುಂಬ ಅಂದರೆ ಏನು ಎಂದು ಬರೆದಿದೆ. ರಕ್ತಸಂಬಂಧ, ಮದುವೆ ಅಥವಾ ದತ್ತುವಿನಿಂದ ಸಂಬಂಧಿಗಳಾಗಿ, ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ, ಒಟ್ಟಿಗೆ ಊಟ ಮಾಡುವವರು ಅಥವಾ ಒಂದೇ ರೇಷನ್ ಕಾರ್ಡ್ ಇರುವವರು. ಆ 'ಅಥವಾ' ನೋಡಿ. ಅಕ್ಕ ಬೇರೆ ಒಲೆ ಹೂಡಿದ್ದರೂ ಅಪ್ಪನ ಮನೆಯ ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಒಂದೇ ಕುಟುಂಬ ಎಂದು ವಾದಿಸಲು ಅವರಿಗೆ ದಾರಿ ಇದೆ.

ಅಘನಾಶಿನಿ ದಡ (ಕುಮಟಾ)
ಮೇ 11

ನಮ್ಮ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇಲ್ಲ. ಗಂಡನ ಮನೆಯದರಲ್ಲೇ ಉಳಿದಿದೆ, ಅವರು ತೆಗೆದಿಲ್ಲ. ಅಡುಗೆ ಮಾತ್ರ ಬೇರೆ. ಹಿಂದಿನ ಜಗುಲಿಗೆ ತಟ್ಟಿ ಕಟ್ಟಿಕೊಂಡು ಅವಳೂ ಮಕ್ಕಳೂ ಅಲ್ಲೇ ಇದ್ದಾರೆ. ಹೊಸ ರೇಷನ್ ಕಾರ್ಡಿಗೆ ಅರ್ಜಿ ಹಾಕೋಣ ಅಂದರೆ ಸದ್ಯ ತೆಗೆದುಕೊಳ್ಳುತ್ತಿಲ್ಲ ಅಂದರು.

ಸೊಪ್ಪಿನಬೆಟ್ಟ (ಶಿರಸಿ)
ಮೇ 11

ಹಾಗಾದರೆ ಅಕ್ಕ ನಿಮ್ಮ ಕುಟುಂಬಕ್ಕೆ ಸೇರುವುದಿಲ್ಲ. ಒಟ್ಟಿಗೆ ಊಟವೂ ಇಲ್ಲ, ಒಂದೇ ರೇಷನ್ ಕಾರ್ಡೂ ಇಲ್ಲ. ಗಂಡನ ಮನೆಯವರ ಜೊತೆ ವಾಸವಿಲ್ಲದ್ದರಿಂದ ಆ ಕುಟುಂಬಕ್ಕೂ ಸೇರುವುದಿಲ್ಲ. ಅವಳೂ ಅವಳ ಮಕ್ಕಳೂ ಸೇರಿ ಪ್ರತ್ಯೇಕ ಕುಟುಂಬ. ಅವಳೇ ಯಜಮಾನಿ. ಇದರಿಂದ ಇನ್ನೊಂದು ಅನುಕೂಲ ಇದೆ. ಮುಂದೆ ಒಂದು ತುಂಡು ಜಾಗ ಅವಳ ಹೆಸರಿಗಾದರೆ, ಮಹಿಳೆಯೇ ಯಜಮಾನಿಯಾದ ಮನೆ ಎಂದು ವೈಯಕ್ತಿಕ ಕಾಮಗಾರಿಗೂ ಅರ್ಹತೆ ಬರುತ್ತದೆ. ಬಿಪಿಎಲ್ ಕಾರ್ಡ್ ಬೇಕಾಗುವುದಿಲ್ಲ.

ವಿಧವೆಯರು, ಗಂಡ ಬಿಟ್ಟವರು, ದಿಕ್ಕಿಲ್ಲದ ಹೆಣ್ಣುಮಕ್ಕಳು ಹೊರಗುಳಿಯದಂತೆ ವಿಶೇಷ ಗಮನ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಅರ್ಜಿಯಲ್ಲಿ 'ತವರಿನಲ್ಲಿ ಪ್ರತ್ಯೇಕ ಅಡುಗೆ, ಪ್ರತ್ಯೇಕ ವಾಸ' ಎಂಬ ಮಾತು ಸ್ಪಷ್ಟವಾಗಿ ಬರೆಯಿರಿ. ಮಕ್ಕಳ ಶಾಲೆ ಈಗ ನಿಮ್ಮೂರಲ್ಲೇ ಇದ್ದರೆ ಅಲ್ಲಿಯ ದಾಖಲೆಯ ಪ್ರತಿ ಜೊತೆಗಿಡಿ, ವಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಎಲ್ಲಕ್ಕಿಂತ ಮುಖ್ಯ: ಬಾಯಲ್ಲಿ ಹೇಳಿದ 'ಇಲ್ಲ' ತೆಗೆದುಕೊಂಡು ಮನೆಗೆ ಬರಬೇಡಿ. ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಕೇಳಿ. ಅರ್ಹರಿಗೆ 15 ದಿನದಲ್ಲಿ ಕಾರ್ಡ್ ಕೊಡಬೇಕು. ಕೊಡುವುದಿಲ್ಲ ಅಂತಾದರೆ ಯಾವ ನಿಯಮದ ಪ್ರಕಾರ ಎಂದು ಬರೆದು ಕೊಡಲಿ. 'ಎಪಿಎಲ್ ಆದ್ದರಿಂದ ತಿರಸ್ಕರಿಸಿದೆ' ಎಂದು ಬರೆದು ಸಹಿ ಹಾಕುವ ಅಧಿಕಾರಿಯನ್ನು ನಾನು ಇನ್ನೂ ಕಂಡಿಲ್ಲ.

ದಟ್ಟಡವಿ (ಜೊಯಿಡಾ)
ಮೇ 13

ಆದಾಯದ ಮಾತಾಯಿತು, ಜಾತಿ ಪಟ್ಟಿಯ ಮಾತನ್ನೂ ಹೇಳಬೇಕು. ಕಾಡಂಚಿನ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಅರಣ್ಯ ಹಕ್ಕು ಪತ್ರ ಸಿಕ್ಕಿದ್ದು, ಆ ಜಮೀನು ಬಿಟ್ಟು ಬೇರೆ ಆಸ್ತಿ ಇಲ್ಲದಿದ್ದರೆ 100ರ ಮೇಲೆ ಇನ್ನೂ 50 ದಿನ, ಒಟ್ಟು 150. ನಮ್ಮ ಜಿಲ್ಲೆಯಲ್ಲಿ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಅವರಿಗೆ ಇದು ಅನ್ವಯ. ಯಲ್ಲಾಪುರ, ಹಳಿಯಾಳ ಕಡೆಯ ಎಷ್ಟೋ ಸಿದ್ದಿ ಮನೆಗಳಿಗೆ ಈ 50 ದಿನದ ಸುದ್ದಿಯೇ ಮುಟ್ಟಿಲ್ಲ.

ಕುಣಬಿಗಳಾದ ನಮಗೆ ಇಲ್ಲ. ಅದೇ 2003ರಲ್ಲಿ ಗೋವಾದಲ್ಲಿ ಕುಣಬಿ, ಗಾವಡಾ, ವೇಳಿಪರನ್ನು ಪರಿಶಿಷ್ಟ ಪಂಗಡ ಎಂದು ಘೋಷಿಸಿದರು. ಗಡಿಯ ಆಚೆ ಮದುವೆ ಮಾಡಿಕೊಟ್ಟ ಮಗಳು ಪರಿಶಿಷ್ಟರ ಊರಿನಲ್ಲಿ, ಈಚೆ ಇರುವ ಅಪ್ಪ ಅಲ್ಲ. ಕಾಡೂ ಅದೇ, ಕುಮರಿಯ (ಕಾಡು ಕಡಿದು ಸುಟ್ಟು ಮಾಡುವ ಬೇಸಾಯದ) ನೆನಪೂ ಅದೇ, ದೇವರೂ ಅದೇ. ಹಾಲಕ್ಕಿಗಳದ್ದು, ಗೌಳಿಗಳದ್ದು ಇದೇ ಕತೆ.

ಕೇಣಿ ಅಲೆ (ಅಂಕೋಲಾ)
ಮೇ 13

ಹೌದು. ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರನ್ನು ದೇಶವೇ ಕೊಂಡಾಡಿತು, ಪದ್ಮಶ್ರೀ ಬಂತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ಎಷ್ಟೋ ವರ್ಷ ದಿನಗೂಲಿಯಾಗಿಯೇ ಸಸಿ ಬೆಳೆಸಿದವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಸಮುದಾಯ ಇನ್ನೂ ಆ ಪಟ್ಟಿಯ ಹೊರಗೇ ಇದೆ.

ಒಂದು ವಿಷಯ ಜನ ತಪ್ಪು ತಿಳಿದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅತಿಕ್ರಮಣ ಜಾಗದಲ್ಲಿರುವವರು, ಅರಣ್ಯ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗದವರು, ಅರ್ಜಿ ತಿರಸ್ಕೃತವಾದವರು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! ಬುಡಕಟ್ಟಿನ ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು ಅಂತ ನಿಯಮ ಇರುವುದರಿಂದ ಹೆಚ್ಚಿನವರು ಅಲ್ಲೇ ಸಿಕ್ಕಿಕೊಂಡಿದ್ದಾರೆ. ಅವರಿಗೆ ಪಹಣಿ ಇಲ್ಲ, ಹಾಗಾಗಿ ವೈಯಕ್ತಿಕ ಕಾಮಗಾರಿ ಇಲ್ಲ. ಅಷ್ಟಕ್ಕೇ 'ನಮಗೆ ಖಾತ್ರಿಯೇ ಇಲ್ಲ' ಎಂದು ಸುಮ್ಮನಾಗುತ್ತಾರೆ. ಕೂಲಿ ಕೆಲಸಕ್ಕೆ ಪಹಣಿ ಬೇಡ. ಜಮೀನೇ ಬೇಡ. ಊರಲ್ಲಿ ವಾಸ ಇದ್ದರೆ ಸಾಕು.

ಮಲ್ಲಿಗೆ ಚಪ್ಪರ (ಹೊನ್ನಾವರ)
ಮೇ 14

ವಾಸ 'ಊರಲ್ಲಿ' ಇರಬೇಕು ಎಂಬುದರಲ್ಲೇ ನಮ್ಮ ಕಡೆಯವರು ಕಳೆದುಕೊಂಡಿದ್ದಾರೆ. ಮಂಕಿ ಪಟ್ಟಣ ಪಂಚಾಯ್ತಿ ಆಯಿತು. ಭಟ್ಕಳದ ಜಾಲಿಯೂ ಪಟ್ಟಣ ಪಂಚಾಯ್ತಿ. ಗ್ರಾಮ ಪಂಚಾಯ್ತಿ ಹೋದ ದಿನವೇ ಉದ್ಯೋಗ ಖಾತ್ರಿಯೂ ಹೋಯಿತು. ಗದ್ದೆ ಅದೇ, ದೋಣಿ ಅದೇ, ದುಡಿಯುವ ಹೆಂಗಸರು ಅವರೇ. ಬೋರ್ಡ್ ಬದಲಾದದ್ದಕ್ಕೆ 100 ದಿನದ ಹಕ್ಕು ಇಲ್ಲ. ಮೇಲ್ದರ್ಜೆಗೆ ಏರಿಸುವಾಗ ಈ ಲೆಕ್ಕವನ್ನು ಯಾರಾದರೂ ಮನೆಮನೆಗೆ ಹೇಳಿದ್ದರೆ ಜನ ಒಪ್ಪುತ್ತಿದ್ದರೋ ಇಲ್ಲವೋ. ಮುಂದೆ ಪಟ್ಟಣ ಪಂಚಾಯ್ತಿ ಬೇಕು ಎಂದು ಕೇಳುವ ಊರುಗಳು ಇದನ್ನು ಮೊದಲು ಗ್ರಾಮಸಭೆಯಲ್ಲಿ ಚರ್ಚಿಸಲಿ.

ತೋಟದ ಅಂಚು (ಸಿದ್ದಾಪುರ)
ಮೇ 14

ನಮ್ಮ ಪಾಲುದಾರರ ಒಪ್ಪಿಗೆ ಪತ್ರ ಬರೆಸುತ್ತಿದ್ದೇನೆ. ಒಂದು ಪ್ರಶ್ನೆ: 370 ಅಂತೀರಿ, ಹೋದವರಿಗೆ ಅಷ್ಟು ಬರುವುದಿಲ್ಲವಲ್ಲ? ಪಕ್ಕದ ಕೇರಿಯವರು ಅದಕ್ಕಿಂತ ಕಡಿಮೆ ಬಂತು ಅಂತಾರೆ.

ದಟ್ಟಡವಿ (ಜೊಯಿಡಾ)
ಮೇ 15

ಅಳತೆಯ ಮೇಲೆ ಕೂಲಿ, ಅದಕ್ಕೇ. ಎಷ್ಟು ಘನ ಮೀಟರ್ ಮಣ್ಣು ತೆಗೆದಿರಿ ಎಂದು ಅಳೆದು ಕೊಡುತ್ತಾರೆ. ಬಯಲುಸೀಮೆಯ ಮೆತ್ತನೆ ಮಣ್ಣಿಗೂ ನಮ್ಮ ಚಿರೆಕಲ್ಲಿಗೂ ಒಂದೇ ದರ ಹಿಡಿದರೆ ಗಂಡಾಳಿಗೂ ಕೈ ಸೋಲುತ್ತದೆ. ಗಟ್ಟಿ ಮಣ್ಣಿಗೆ ಬೇರೆ ದರ ಇದೆ. ಅಂದಾಜು ಪಟ್ಟಿ ಮಾಡುವಾಗಲೇ ಎಂಜಿನಿಯರ್ ಹತ್ತಿರ ಮಣ್ಣಿನ ಬಗೆ ಸರಿಯಾಗಿ ಬರೆಸಬೇಕು, ಆಮೇಲೆ ಕೂಗಿ ಉಪಯೋಗ ಇಲ್ಲ. 60 ದಾಟಿದವರಿಗೆ, ಅಂಗವಿಕಲರಿಗೆ ನಮ್ಮ ರಾಜ್ಯದಲ್ಲಿ ಅರ್ಧ ಪ್ರಮಾಣದ ಕೆಲಸಕ್ಕೆ ಪೂರ್ತಿ ಕೂಲಿ. ಹೆಣ್ಣಿಗೆ ಕಡಿಮೆ, ಗಂಡಿಗೆ ಹೆಚ್ಚು ಅನ್ನುವುದು ಇಲ್ಲಿಲ್ಲ. ಕೆಲಸ 5 ಕಿಲೋಮೀಟರ್ ದಾಟಿದ ಜಾಗದಲ್ಲಿ ಕೊಟ್ಟರೆ ಶೇ 10 ಹೆಚ್ಚು, ಅಂದರೆ 407. ಜೊಯಿಡಾದಲ್ಲಿ ಒಂದೇ ಪಂಚಾಯ್ತಿಯೊಳಗೆ ಅದಕ್ಕಿಂತ ದೂರದ ಮಜರೆಗಳಿವೆ, ಕೇಳಿ ಪಡೆಯಿರಿ.

ಕಾಳಿ ಸಂಗಮ (ಕಾರವಾರ)
ಮೇ 15

ಅಕ್ಕನಿಗೆ ಇನ್ನೊಂದು ಮಾತು. 2024ರ ಜನವರಿಯಿಂದ ಕೂಲಿ ಆಧಾರ್ ಮೂಲಕವೇ ಬರುವುದು. ಪಾಸ್‌ಬುಕ್ ಕೊಟ್ಟರೆ ಸಾಲದು. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆ ಆಗಿದೆಯೋ ಅದಕ್ಕೆ ದುಡ್ಡು ಹೋಗುತ್ತದೆ. ಗಂಡ ಇದ್ದಾಗ ಹೊನ್ನಾವರದಲ್ಲಿ ತೆರೆದ ಖಾತೆ, ಸಿಮ್ ಕೊಳ್ಳುವಾಗ ಗೊತ್ತಿಲ್ಲದೆ ತೆರೆದ ಖಾತೆ, ಅಲ್ಲಿ ಹೋಗಿ ಬಿದ್ದು 'ಬಂದೇ ಇಲ್ಲ' ಅಂತ ಅಳುವವರನ್ನು ಕಂಡಿದ್ದೇನೆ. ಕೆಲಸಕ್ಕೆ ಇಳಿಯುವ ಮೊದಲೇ ಬ್ಯಾಂಕಿನಲ್ಲಿ ಜೋಡಣೆ ಯಾವುದಕ್ಕಿದೆ ಎಂದು ಕೇಳಿ. ಸರಿಯಿಲ್ಲದಿದ್ದರೆ ಊರಿನ ಅಂಚೆ ಕಚೇರಿಯಲ್ಲೇ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅದಕ್ಕೆ ಜೋಡಿಸಬಹುದು.

ಅಘನಾಶಿನಿ ದಡ (ಕುಮಟಾ)
ಮೇ 20

ಎಲ್ಲರಿಗೂ ನಮಸ್ಕಾರ. ನೀವು ಹೇಳಿದಂತೆ ಬರೆದು ಅರ್ಜಿ ಕೊಟ್ಟೆವು. ಶಾಲೆಯ ದಾಖಲೆ ಇಟ್ಟೆವು. ಮೊದಲು ಅದೇ ಎಪಿಎಲ್ ಮಾತು. 'ಸರಿ, ಅದನ್ನೇ ಬರೆದು ಕೊಡಿ' ಅಂತ ಅಕ್ಕನೇ ಕೇಳಿದಳು. ಒಳಗೆ ಹೋಗಿ ಮಾತಾಡಿ ಬಂದು ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಟ್ಟರು. ಗಂಡನ ಮನೆಯ ಜಾಬ್ ಕಾರ್ಡಿನಲ್ಲಿ ಅವಳ ಹೆಸರು ಇರಲೇ ಇಲ್ಲವಂತೆ, ಒಂದು ತೊಡಕು ತಪ್ಪಿತು. ಆದರೆ ಈಗ ಹೇಳುತ್ತಿದ್ದಾರೆ, ಮಳೆಗಾಲದಲ್ಲಿ ಕೆಲಸವೇ ಇರುವುದಿಲ್ಲ, ಕಾರ್ಡ್ ಬಂದರೂ ನವೆಂಬರ್ ತನಕ ಕಾಯಿರಿ ಅಂತ. ನಮಗೆ ಬೇಕಾದದ್ದೇ ಜೂನ್, ಜುಲೈ.

ಸೊಪ್ಪಿನಬೆಟ್ಟ (ಶಿರಸಿ)
ಮೇ 20

ಬಹಳ ಸಂತೋಷ. ಅಕ್ಕ ಕೇಳಿದ ಆ ಒಂದು ಮಾತು ನಿಮ್ಮೂರಿನ ಉಳಿದ ಹೆಂಗಸರಿಗೂ ದಾರಿ ಮಾಡಿತು.

ಕಾಯ್ದೆಗೆ ಮಳೆಗಾಲ ಗೊತ್ತಿಲ್ಲ. ಕಾರ್ಡ್ ಕೈಗೆ ಬಂದ ದಿನವೇ ನಮೂನೆ 6 ತುಂಬಿ ಕೆಲಸ ಕೇಳಿ. ಕನಿಷ್ಠ 14 ದಿನದ ಕೆಲಸ ಒಟ್ಟಿಗೆ ಕೇಳಬೇಕು. ಅದಕ್ಕೂ ಸ್ವೀಕೃತಿ ಬೇಕು. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲು ಭಾಗ, 2025-26ರ ದರದಲ್ಲಿ ದಿನಕ್ಕೆ 92.50, ಆಮೇಲೆ ಅರ್ಧ, 185. ಇದು ರಾಜ್ಯ ಸರ್ಕಾರದ ಬೊಕ್ಕಸದಿಂದ ಹೋಗಬೇಕಾದ ದುಡ್ಡು, ಅದಕ್ಕೇ ಸ್ವೀಕೃತಿ ಕೊಡಲು ಅಷ್ಟು ಹಿಂಜರಿಕೆ. ಬಾಯಿಮಾತಲ್ಲಿ ಕೇಳಿದರೆ ಕೇಳಿದ್ದು ದಾಖಲೆಗೇ ಬರುವುದಿಲ್ಲ, ಭತ್ಯೆಯ ಪ್ರಶ್ನೆಯೂ ಏಳುವುದಿಲ್ಲ.

ಮಣ್ಣು ಅಗೆಯುವುದು ಜೂನ್‌ನಲ್ಲಿ ಕರಾವಳಿಯಲ್ಲಿ ಆಗದ ಮಾತು, ನಿಜ. ಆದರೆ ಗಿಡ ನೆಡುವುದಕ್ಕೆ ಅದೇ ಕಾಲ. ಸಾಮಾಜಿಕ ಅರಣ್ಯದವರ ನರ್ಸರಿ, ರಸ್ತೆ ಬದಿಯ ನೆಡುತೋಪು ಖಾತ್ರಿಯಲ್ಲೇ ಬರುತ್ತವೆ. ನಿಮ್ಮ ಪಂಚಾಯ್ತಿಯ ಕ್ರಿಯಾಯೋಜನೆಯಲ್ಲಿ ಅಂಥ ಕೆಲಸ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಮುಂದಿನ ವರ್ಷಕ್ಕೆ ಬರೆಸಲೇಬೇಕು. ಬೋಟು ನಿಲ್ಲುವ ಎರಡು ತಿಂಗಳನ್ನು ಲೆಕ್ಕಕ್ಕಿಟ್ಟು ಯೋಜನೆ ಮಾಡದ ಕರಾವಳಿ ಪಂಚಾಯ್ತಿ ಯಾರಿಗಾಗಿ ಯೋಜನೆ ಮಾಡುತ್ತದೆ?

ಕೇಣಿ ಅಲೆ (ಅಂಕೋಲಾ)
ಮೇ 21

ಒಬ್ಬಳೇ ಅರ್ಜಿ ಕೊಟ್ಟರೆ ಒಬ್ಬಳಿಗಾಗಿ ಹಾಜರಿ ಪಟ್ಟಿ ತೆಗೆಯುವುದಿಲ್ಲ ಅಂತಾರೆ. ಬಂದರಿನಲ್ಲಿ ಅಕ್ಕನ ಜೊತೆ ಮೀನು ವಿಂಗಡಿಸುವ ಹೆಂಗಸರಲ್ಲಿ ಗ್ರಾಮ ಪಂಚಾಯ್ತಿಯಲ್ಲಿ ವಾಸ ಇರುವವರನ್ನೆಲ್ಲ ಒಟ್ಟು ಮಾಡಿ. ಗುಂಪಾಗಿ ಕೇಳಲು ಅವಕಾಶ ಇದೆ. ಅವರಲ್ಲೇ ಓದುಬರಹ ಬರುವ ಒಬ್ಬಳು ಕಾಯಕ ಬಂಧು (ಗುಂಪಿನ ಮೇಟಿ) ಆಗಬಹುದು.

ಅಘನಾಶಿನಿ ದಡ (ಕುಮಟಾ)
ಮೇ 21

ಹನ್ನೊಂದು ಜನ ಒಪ್ಪಿದ್ದಾರೆ. ಅದರಲ್ಲಿ ನಾಲ್ವರಿಗೆ ಕಾರ್ಡ್ ಇದೆ, ಆದರೆ ಅವಧಿ ಮುಗಿದಿದೆ ಅನ್ನುತ್ತಿದ್ದಾರೆ. ನವೀಕರಣಕ್ಕೂ ಹೊಸ ಅರ್ಜಿಯಾ?

ಸೊಪ್ಪಿನಬೆಟ್ಟ (ಶಿರಸಿ)
ಮೇ 21

ಕಾರ್ಡಿಗೆ 5 ವರ್ಷದ ಅವಧಿ. ಹಳೆಯ ಕಾರ್ಡ್, ಆಧಾರ್, ಫೋಟೋ ತೆಗೆದುಕೊಂಡು ಹೋದರೆ ಅದೇ ಸಂಖ್ಯೆಯಲ್ಲಿ ನವೀಕರಿಸುತ್ತಾರೆ. ಹೆಸರು ಪಟ್ಟಿಯಿಂದಲೇ ಅಳಿಸಿದ್ದರೆ ಯಾವ ಕಾರಣಕ್ಕೆ, ಯಾವ ಗ್ರಾಮಸಭೆಯ ಮುಂದಿಟ್ಟು ಅಳಿಸಿದ್ದು ಎಂದು ಬರಹದಲ್ಲಿ ಕೇಳಿ. ನಾಲ್ವರೂ ನಾಳೆಯೇ ಹೋಗಲಿ, ಅವರ ನಮೂನೆ 6 ಅಲ್ಲೇ ಕೊಟ್ಟು ಬರಲಿ. ಅಕ್ಕನ ಕಾರ್ಡ್ ಬಂದ ಕೂಡಲೇ ಅವಳೂ ಸೇರಿಕೊಳ್ಳುತ್ತಾಳೆ.